ಚೇತಕ್ ಸ್ಕೂಟರಿನ ಬಿಗಿದ ಗೇರ್ ಕೇಬಲ್: ಬಿಚ್ಚಿ ಬದಲಿಸಿದ ಬಗೆ

ಸ್ಕೂಟರಿನ ಎಡಗೈ ಹಿಡಿ ನ್ಯೂಟ್ರಲ್ ಗುರುತಿನಿಂದ ಅತ್ತ ಒಂದನೇ ಗೇರಿಗೂ ಹೋಗುತ್ತಿರಲಿಲ್ಲ, ಇತ್ತ ಎರಡನೆಯದಕ್ಕೂ ಬರುತ್ತಿರಲಿಲ್ಲ. ಕ್ಲಚ್ ಹಿಡಿದು, ಹಿಂದಿನ ಚಕ್ರವನ್ನು ಹಿಂದೆ ಮುಂದೆ ಆಡಿಸಿ, ಎರಡೂ ಕೈ ಹಾಕಿ ತಿರುವಿದರೆ ಹಿಡಿ ಕೂದಲೆಳೆಯಷ್ಟು ಮಿಸುಕಿ ಅಲ್ಲಿಯೇ ನಿಲ್ಲುತ್ತಿತ್ತು. ವಾಹನ 1980ರ ದಶಕದ ಬಜಾಜ್ ಚೇತಕ್. ನಮ್ಮ ಚಿಕ್ಕಪ್ಪನವರು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದಾಗ, ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯುತ್ತಿದ್ದ ಕಾಲದಲ್ಲಿ ಕೊಂಡದ್ದು. ವಿನೋಬನಗರದ ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ ಅದು ಕೆಲವು ಮಳೆಗಾಲಗಳನ್ನು ನಿಂತಲ್ಲೇ ಕಳೆದಿತ್ತು. ಹದಿನೈದು ವರ್ಷ ಮೀರಿದ ಖಾಸಗಿ ವಾಹನದ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ವಾಹನವನ್ನು ತಪಾಸಣೆಗೆ ಒಯ್ಯಬೇಕು, ಒಯ್ಯಲು ಅದು ಓಡಬೇಕು. ಕೆಲಸಕ್ಕೆ ಕೈ ಹಚ್ಚಲು ಇಷ್ಟೇ ಕಾರಣ.

ಈ ಪೆಟ್ರೋಲ್ ಚೇತಕ್ 1972ರಿಂದ ಹಲವು ದಶಕ ತಯಾರಾದ ಗಾಡಿ. ಇದರ ಮೂಲ ಇಟಲಿಯ ವೆಸ್ಪಾ. ತಗಡಿನ ಮೈಯೇ ಚಾಸಿಸ್, 145.45 ಸಿಸಿಯ ಟೂ ಸ್ಟ್ರೋಕ್ ಎಂಜಿನ್ ಹಿಂದಿನ ಚಕ್ರದ ಬಲಕ್ಕೆ, ನಾಲ್ಕು ಗೇರುಗಳು ಎಡಗೈಯಲ್ಲಿ. ಹಿಡಿ ತಿರುಗುವಾಗ ಕ್ಲಚ್ ಲಿವರೂ ಅದರೊಂದಿಗೇ ತಿರುಗುತ್ತದೆ. ಒಂದನೇ ಗೇರಿನಲ್ಲಿ ಲಿವರ್ ಮೇಲಕ್ಕೆ ಎದ್ದಿರುತ್ತದೆ, ನಾಲ್ಕನೆಯದರಲ್ಲಿ ಕೆಳಕ್ಕೆ ಬಾಗಿರುತ್ತದೆ, ಒಂದು ಮತ್ತು ಎರಡರ ನಡುವೆ ನ್ಯೂಟ್ರಲ್. ಹಿಡಿಯ ತಿರುವನ್ನು ಎಂಜಿನ್ನಿಗೆ ಮುಟ್ಟಿಸುವವು ಎರಡು ಕೇಬಲ್‌ಗಳು. ಕೇಬಲ್ ಎಳೆಯಬಲ್ಲದೇ ಹೊರತು ತಳ್ಳಲಾರದು. ಆದ್ದರಿಂದ ಗೇರ್ ಏರಿಸಲು ಒಂದು, ಇಳಿಸಲು ಇನ್ನೊಂದು. ಬಾವಿಯ ಗಡಗಡೆಗೆ ಹಾಕಿದ ಹಗ್ಗದಂತೆ ಒಂದು ತುದಿ ಕೆಳಗಿಳಿಯಬೇಕಾದರೆ ಇನ್ನೊಂದು ಮೇಲೇರಲೇಬೇಕು. ಹೀಗಾಗಿ ಎರಡರಲ್ಲಿ ಒಂದೇ ಕೇಬಲ್ ಬಿಗಿದರೂ ಹಿಡಿ ಎರಡೂ ದಿಕ್ಕಿಗೆ ನಿಂತುಹೋಗುತ್ತದೆ. ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದವರು ದೋಷವನ್ನು ನೇರವಾಗಿ ಗೇರ್‌ಬಾಕ್ಸಿನ ತಲೆಗೆ ಕಟ್ಟುತ್ತಾರೆ.

ನಮ್ಮಲ್ಲೂ ಹಾಗೆಯೇ ಆಗುವುದರಲ್ಲಿತ್ತು. ಬೀದಿಯ ತುದಿಯ ಗ್ಯಾರೇಜಿನವರು ಬಂದು ಹಿಡಿಯನ್ನು ಒಮ್ಮೆ ತಿರುವಿ ನೋಡಿ, "ಗೇರ್‌ಬಾಕ್ಸ್ ಹೋಗೇತ್ರೀ, ಎಂಜಿನ್ ಇಳಿಸ್ಬೇಕು" ಎಂದು ಹೇಳಿ ಹೋದರು. ಚಿಕ್ಕಪ್ಪನವರಿಗೆ ಅದು ಒಪ್ಪಿಗೆಯಾಗಲಿಲ್ಲ. "ನಿಲ್ಲಿಸೋ ದಿನ ನಾಕೂ ಗೇರ್ ಬೀಳ್ತಿದ್ವು ತಮ್ಮಾ, ನಿಂತಲ್ಲೇ ನಿಂತು ಗೇರ್‌ಬಾಕ್ಸ್ ಹೆಂಗ್ ಹೋಗ್ತತಿ" ಎಂದರು. ಅವರ ತರ್ಕ ಸರಿಯಾಗಿತ್ತು. ಗೇರ್‌ಬಾಕ್ಸಿನ ಒಳಭಾಗ ಎಣ್ಣೆಯಲ್ಲಿ ಮುಳುಗಿರುತ್ತದೆ, ಅದು ಸುಮ್ಮನೆ ನಿಂತು ತುಕ್ಕು ಹಿಡಿಯುವುದು ಅಪರೂಪ; ಕೇಬಲ್ಲಿಗೆ ಅಂತಹ ರಕ್ಷಣೆ ಇಲ್ಲ. ಆದರೂ ತರ್ಕದ ಮೇಲೆ ಸಾಮಾನು ಕೊಳ್ಳುವುದಕ್ಕಿಂತ ಗೇರ್‌ಬಾಕ್ಸನ್ನೂ ಕೇಬಲ್ಲನ್ನೂ ಬೇರ್ಪಡಿಸಿ ನೋಡುವುದು ಮೇಲು. ಆ ಪರೀಕ್ಷೆಗೆ ಎಂಜಿನ್ ಇಳಿಸುವುದೇನೂ ಬೇಡ.

ಹಿಂದಿನ ಚಕ್ರದ ಮುಂಭಾಗದಲ್ಲಿ, ಎಂಜಿನ್ ಕವಚಕ್ಕೆ ಅಂಟಿಕೊಂಡಂತೆ ಸೆಲೆಕ್ಟರ್ ಬಾಕ್ಸ್ ಇದೆ. ಎರಡೂ ಕೇಬಲ್‌ಗಳು ಬಂದು ಮುಗಿಯುವುದು ಅಲ್ಲಿ. ಸ್ಟ್ಯಾಂಡಿನ ಕೆಳಗೆ ಹಲಗೆಯ ತುಂಡು ಕೊಟ್ಟು ಹಿಂದಿನ ಚಕ್ರ ನೆಲ ಬಿಟ್ಟು ತಿರುಗುವಂತೆ ಮಾಡಿ, ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕುಳಿತೆವು. ಮುಚ್ಚಳದ ಮೇಲೆ ಗ್ರೀಸ್ ಮತ್ತು ಧೂಳು ಸೇರಿ ಎರೆಮಣ್ಣಿನಂತಹ ಪದರ ಕಟ್ಟಿತ್ತು. ಅದನ್ನು ಮೊದಲು ಕೆರೆದು, ಸೀಮೆಎಣ್ಣೆಯ ಬ್ರಷ್ ಆಡಿಸಿ, ಒರೆಸಿದ ಮೇಲೆಯೇ ಮುಚ್ಚಳ ತೆಗೆಯಬೇಕು. ಇಲ್ಲವಾದರೆ ಆ ಮಣ್ಣೆಲ್ಲ ಒಳಗಿನ ಹಲ್ಲುಗಳ ಮೇಲೆ ಉದುರುತ್ತದೆ. ಒಳಗೆ ಬೀಸಣಿಗೆಯಾಕಾರದ ಒಂದು ತಗಡು ಕಾಣುತ್ತದೆ. ಅದರ ಅಂಚಿನಲ್ಲಿ ಐದು ಕಚ್ಚುಗಳು: ಒಂದು, ನ್ಯೂಟ್ರಲ್, ಎರಡು, ಮೂರು, ನಾಲ್ಕು. ಸ್ಪ್ರಿಂಗಿನ ಒತ್ತಡದಲ್ಲಿರುವ ಪುಟ್ಟ ಉರುಳೆಯೊಂದು ಆಯಾ ಕಚ್ಚಿನಲ್ಲಿ ಕೂತು ಗೇರನ್ನು ಹಿಡಿದಿಡುತ್ತದೆ. ತಗಡಿನ ಎರಡು ಬದಿಗೆ ಒಂದೊಂದು ಕ್ಲ್ಯಾಂಪು, ಅದರೊಳಗೆ ತೂರಿ ಸ್ಕ್ರೂವಿನಿಂದ ಬಿಗಿದ ವೈರಿನ ತುದಿ.

ಎರಡೂ ಕ್ಲ್ಯಾಂಪುಗಳನ್ನು ಸಡಿಲಿಸಿ ವೈರುಗಳನ್ನು ಹೊರಗೆಳೆದೆವು. ಇಲ್ಲಿ ಎರಡು ಸ್ಪ್ಯಾನರ್ ಬೇಕು, ಒಂದು ಕ್ಲ್ಯಾಂಪಿನ ಮೈ ಹಿಡಿಯಲು, ಇನ್ನೊಂದು ಸ್ಕ್ರೂ ತಿರುಗಿಸಲು. ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಕ್ಲ್ಯಾಂಪ್ ಇಡಿಯಾಗಿ ತಿರುಗಿ ವೈರನ್ನು ಮುರುಚಿ ಹಾಕುತ್ತದೆ. ವೈರು ಬಿಡಿಸಿದ ಮೇಲೆ ಚಿಕ್ಕಪ್ಪನವರು ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಿದ್ದಂತೆ ನಾನು ತಗಡನ್ನು ಬೆರಳಿನಿಂದಲೇ ತಳ್ಳಿದೆ. ಟಕ್ ಎಂದು ಒಂದಕ್ಕೆ ಬಿತ್ತು, ಮರಳಿ ನ್ಯೂಟ್ರಲ್, ಎರಡು, ಮೂರು, ನಾಲ್ಕು. ಪ್ರತಿ ಕಚ್ಚಿನಲ್ಲೂ ಉರುಳೆ ಗಟ್ಟಿಯಾಗಿ ಕೂತಿತು, ಗೇರು ಬಿದ್ದೊಡನೆ ಚಕ್ರದ ಮೇಲೆ ಎಂಜಿನ್ನಿನ ಭಾರ ಕೈಗೆ ತಿಳಿಯಿತು. ಚಕ್ರ ತಿರುಗಿಸದೆ ತಗಡನ್ನು ಮಾತ್ರ ತಳ್ಳಿದರೆ ಗೇರು ಬೀಳದೆ ಹೋಗಬಹುದು. ಒಳಗಿನ ನಾಲ್ಕು ತೋಳಿನ ತುಂಡು, ಮೆಕ್ಯಾನಿಕರು ಕ್ರಾಸ್ ಎನ್ನುವುದು, ಹಲ್ಲಿನ ಎದುರಿಗೇ ಬಂದು ನಿಂತಿರುತ್ತದೆ. ಆಗ ಬಲ ಹಾಕಬಾರದು, ಚಕ್ರವನ್ನು ಬೆರಳಗಲ ತಿರುಗಿಸಿದರೆ ಸಾಕು. ಇಲ್ಲಿಗೆ ಗೇರ್‌ಬಾಕ್ಸ್ ನಿರ್ದೋಷಿ ಎಂದು ತೀರ್ಮಾನವಾಯಿತು.

ಇನ್ನು ಎರಡು ಕೇಬಲ್‌ಗಳಲ್ಲಿ ಬಿಗಿದದ್ದು ಯಾವುದು ಎಂಬ ಪ್ರಶ್ನೆ. ಕೆಳತುದಿಯನ್ನು ಇಕ್ಕಳದಿಂದ ಹಿಡಿದು ಒಂದೊಂದಾಗಿ ಎಳೆದಾಗ ಏರಿಸುವ ಕಡೆಯ ವೈರು ಮೊದಲು ತುಸು ತಡವರಿಸಿ ಆಮೇಲೆ ಸರಿದಾಡಿತು. ಇಳಿಸುವ ಕಡೆಯದು, ಅಂದರೆ ನಾಲ್ಕರಿಂದ ಒಂದರ ಕಡೆಗೆ ಎಳೆಯುವುದು, ಕಂಬಿಯಂತೆ ನಿಂತಿತ್ತು. ಅದನ್ನು ಎಳೆದರೆ ಔಟರ್, ಅಂದರೆ ವೈರಿನ ಹೊರಕವಚ, ಸಮೇತ ಬಾಗುತ್ತಿತ್ತೇ ಹೊರತು ಒಳಗಿನ ವೈರು ಔಟರಿನೊಳಗೆ ಜರುಗುತ್ತಿರಲಿಲ್ಲ.

ಇಂತಹ ಕೇಬಲ್ಲಿಗೆ ಎಣ್ಣೆ ಬಿಟ್ಟು ಬದುಕಿಸುವ ಪ್ರಯತ್ನವನ್ನು ಹಲವರು ಮಾಡುತ್ತಾರೆ. ಮೇಲ್ತುದಿಗೆ ಪಾಲಿಥೀನಿನ ಕೊಳವೆ ಕಟ್ಟಿ ಡೀಸೆಲ್ಲೋ ಸೀಮೆಎಣ್ಣೆಯೋ ತುಂಬಿ ರಾತ್ರಿಯೆಲ್ಲ ಬಿಟ್ಟರೆ ಕೆಲವೊಮ್ಮೆ ಬಿಡುತ್ತದೆ, ಅದು ಸುಳ್ಳಲ್ಲ. ಒಣಗಿದ ಗ್ರೀಸಿನಿಂದ ಬಿಗಿದಿದ್ದರೆ ಆ ದಾರಿ ಸರಿಯೇ. ತುಕ್ಕಿನಿಂದ ಬಿಗಿದದ್ದಕ್ಕೆ ನನ್ನ ಮತ ಬೇರೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಔಟರಿನ ಒಳಗೆ ವೈರಿಗೆ ಇರುವ ಸಡಿಲು ಮೊದಲೇ ಅತ್ಯಲ್ಪ, ಅದನ್ನು ತುಕ್ಕು ತುಂಬಿಬಿಡುತ್ತದೆ. ಎಣ್ಣೆಯಿಂದ ಅದು ಬಿಟ್ಟುಕೊಂಡರೂ ಉಳಿಯುವುದು ತರಿತರಿಯಾದ ವೈರು, ತರಿತರಿಯಾದ ಔಟರು. ಒಂದನ್ನೊಂದು ಉಜ್ಜಿ ಎಳೆಗಳು ತುಂಡಾಗುತ್ತ ಹೋಗುತ್ತವೆ, ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ. ಒಳಗಿನ ವೈರನ್ನು ಮಾತ್ರ ಬದಲಿಸಿ ಹಳೆಯ ಔಟರನ್ನೇ ಉಳಿಸುವುದೂ ಇಷ್ಟೇ ವ್ಯರ್ಥ, ಏಕೆಂದರೆ ನೀರು ಹೊಕ್ಕ ದಾರಿ ಔಟರಿನಲ್ಲಿದೆ. ಆದ್ದರಿಂದ ಇನ್ನರ್ (ಒಳಗಿನ ವೈರು), ಔಟರ್ ಎರಡನ್ನೂ, ಬಿಗಿದದ್ದು ಬಿಗಿಯದ್ದು ಎನ್ನದೆ ಜೋಡಿಯನ್ನೇ ಬದಲಿಸುವುದೆಂದು ನಿಶ್ಚಯಿಸಿದೆವು.

ಬಿಡಿಭಾಗದ ಅಂಗಡಿಯಲ್ಲಿ ಚೇತಕ್ಕಿನ ಕೇಬಲ್ ಸೆಟ್ ಕೇಳಿದರೆ ಇಂದಿಗೂ ಸಿಗುತ್ತದೆ, ಆದರೆ ಎಲ್ಲವೂ ಒಂದೇ ಗುಣಮಟ್ಟದವಲ್ಲ. ಅಂಗಡಿಯಲ್ಲಿ ನಿಂತೇ ನೋಡಬೇಕಾದ ಸಂಗತಿಗಳಿವೆ. ಔಟರನ್ನು ದೊಡ್ಡ ಸುತ್ತಾಗಿ ಹಿಡಿದು ವೈರನ್ನು ಎರಡು ಬೆರಳಿನಿಂದ ಆಡಿಸಿದರೆ ತಡೆಯಿಲ್ಲದೆ ಜಾರಬೇಕು. ನಿಪಲ್, ಅಂದರೆ ವೈರಿನ ತುದಿಗೆ ಬೆಸೆದ ಪುಟ್ಟ ಲೋಹದ ಗುಂಡು, ನೆಟ್ಟಗೆ ಕೂತಿರಬೇಕು. ಬೆಸುಗೆ ಒಂದು ಕಡೆಗೆ ವಾಲಿದ್ದರೆ ಹಿಡಿಯ ಕೊಳವೆಯ ತುದಿಯ ಪುಟ್ಟ ಚಕ್ರದಲ್ಲಿ ಅದು ಸರಿಯಾಗಿ ಕೂರದೆ ವೈರು ಅಲ್ಲಿಯೇ ಮುರಿಯುತ್ತದೆ. ಗೇರ್ ವೈರು ಕೈಗೆ ಗಡುಸಾಗಿ ಸಿಗಬೇಕು, ಆಕ್ಸಿಲರೇಟರ್ ವೈರಿನಂತೆ ನುಣ್ಣಗೆ ಬಳುಕಬಾರದು. ಒಳಗೆ ನೈಲಾನ್ ಕೊಳವೆ ಇರುವ ಔಟರೂ ಇಲ್ಲದ ಔಟರೂ ಮಾರುಕಟ್ಟೆಯಲ್ಲಿವೆ. ತುದಿಯನ್ನು ಬೆಳಕಿಗೆ ಹಿಡಿದರೆ ಬಿಳಿಯ ಉಂಗುರ ಕಂಡುಬರುವುದು ಕೊಳವೆಯಿರುವುದು. ನಾವು ತಂದದ್ದು ಕೊಳವೆಯುಳ್ಳದ್ದು. ಹಳೆಯ ಚೇತಕ್ಕಿಗೆ ಇದು ಕಂಪನಿಯ ಮೂಲದಂತಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಹೊರಗೆ ಕಾಣದ, ಗಾಡಿಯ ಆಯುಸ್ಸನ್ನು ಹೆಚ್ಚಿಸುವ ಬದಲಾವಣೆಗೆ ನನ್ನ ಅಭ್ಯಂತರವಿಲ್ಲ.

ಮೇಲಿನ ತುದಿಗೆ ಹೋಗಲು ಹೆಡ್‌ಲೈಟನ್ನು ಕಳಚಬೇಕು. ಒಳಗೆ ಕೈ ಹಾಕಿದರೆ ಹಿಡಿಯ ಕೊಳವೆಯ ತುದಿಗೆ ಕೂತ ಪುಟ್ಟ ಚಕ್ರ ಸಿಗುತ್ತದೆ, ಅದರ ಎರಡು ಗುಳಿಗಳಲ್ಲಿ ಎರಡು ನಿಪಲ್‌ಗಳು. ಬಲ್ಬಿನ ವೈರುಗಳನ್ನು ಬಿಚ್ಚುವ ಮುನ್ನ ಫೋಟೊ ತೆಗೆದಿಡುವುದು ಒಳ್ಳೆಯದು. ಹಳೆಯ ಗಾಡಿಗಳಲ್ಲಿ ಯಾರೋ ಎಂದೋ ಬಣ್ಣ ತಪ್ಪಿಸಿ ಸೇರಿಸಿದ ವೈರು ಒಂದಾದರೂ ಇರುತ್ತದೆ. ಮುಂಭಾಗದ ಹಾರ್ನ್ ಕವರನ್ನೂ ತೆಗೆದೆವು. ಅದರ ಹಿಂದೆ, ಸ್ಟೀರಿಂಗ್ ಕಂಬದ ಪಕ್ಕದಲ್ಲಿ ಇಳಿದುಬಂದ ಕೇಬಲ್‌ಗಳು ತಿರುವು ತೆಗೆದುಕೊಂಡು, ಕಾಲಿಡುವ ಜಾಗದ ಕೆಳಗಿನ ತಗಡಿನ ಸುರಂಗಕ್ಕೆ ಹೊಕ್ಕು ಎಂಜಿನ್ನಿನ ಬಳಿ ಹೊರಬರುತ್ತವೆ. ಕ್ಲಚ್, ಹಿಂದಿನ ಬ್ರೇಕ್, ಆಕ್ಸಿಲರೇಟರ್ ಕೇಬಲ್‌ಗಳೂ ವೈರಿಂಗೂ ಅದೇ ಸುರಂಗದಲ್ಲಿ ಒತ್ತೊತ್ತಾಗಿ ಇರುತ್ತವೆ.

ಈ ಕೆಲಸದ ನಿಜವಾದ ಕಷ್ಟ ಸುರಂಗದಲ್ಲಿದೆ. ಹಳೆಯ ಕೇಬಲ್ಲನ್ನು ಸುಮ್ಮನೆ ಎಳೆದು ತೆಗೆದುಬಿಟ್ಟರೆ ಹೊಸದನ್ನು ಕುರುಡಾಗಿ ತಳ್ಳಬೇಕಾಗುತ್ತದೆ, ಅದು ಒಳಗೆ ಎಲ್ಲಿಯೋ ಬೇರೆ ಕೇಬಲ್‌ಗಳ ನಡುವೆ ಸಿಕ್ಕಿ ನಿಲ್ಲುತ್ತದೆ. ಸಾಮಾನ್ಯವಾಗಿ ಅನುಸರಿಸುವ ಕ್ರಮವೆಂದರೆ ಒಳಗಿನ ವೈರನ್ನು ಅಲ್ಲಿಯೇ ಬಿಟ್ಟು, ಔಟರನ್ನು ಮಾತ್ರ ಕೆಳಕ್ಕೆ ಜಾರಿಸಿ ತೆಗೆದು, ಅದೇ ವೈರಿನ ಮೇಲೆ ಹೊಸ ಔಟರನ್ನು ಏರಿಸುವುದು. ವೈರು ದಾರಿ ತೋರಿಸುತ್ತದೆ, ಔಟರ್ ಅದನ್ನು ಹಿಂಬಾಲಿಸುತ್ತದೆ. ನಮ್ಮ ಕೇಬಲ್ಲಿನಲ್ಲಿ ವೈರೂ ಔಟರೂ ಒಂದೇ ಆಗಿ ಬಿಗಿದಿದ್ದರಿಂದ ಈ ಕ್ರಮ ನಡೆಯುವಂತಿರಲಿಲ್ಲ. ಬೇರೊಂದು ವೈರನ್ನು ಹಳೆಯ ಕೇಬಲ್ಲಿನ ಬಾಲಕ್ಕೆ ಕಟ್ಟಿ, ಹಳೆಯದನ್ನು ಮೇಲಿನಿಂದ ಎಳೆದು, ಅದರ ಜಾಗದಲ್ಲಿ ಈ ದಾರಿ ವೈರು ಬಂದು ಕೂರುವಂತೆ ಮಾಡಬೇಕಿತ್ತು.

ದಾರಿ ವೈರಾಗಿ ಏನನ್ನು ಬಳಸುವುದು ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಚಿಕ್ಕಪ್ಪನವರು ಹತ್ತಿಯ ಹುರಿ ಎಂದರು. ಗಿರಣಿಯವರಿಗೆ ನೂಲಿನ ಮೇಲಿನ ನಂಬಿಕೆ ಸಹಜ. ಆದರೆ ಹುರಿಯ ಮೇಲೆ ಔಟರನ್ನು ತಳ್ಳಲು ಬರುವುದಿಲ್ಲ, ಅದು ಮಡಿಚಿಕೊಳ್ಳುತ್ತದೆ. ಸೆಂಟ್ರಿಂಗಿನವರ ಬೈಂಡಿಂಗ್ ವೈರು ಒಮ್ಮೆ ಸೊಟ್ಟಗಾದರೆ ಮತ್ತೆ ನೆಟ್ಟಗಾಗುವುದಿಲ್ಲ. ಮೋಟಾರ್ ಬೈಕಿನ ಹಳೆಯ ಕ್ಲಚ್ ಇನ್ನರ್ ಗಡುಸಾಗಿಯೂ ನುಣುಪಾಗಿಯೂ ಇರುತ್ತದೆ, ಆದರೆ ಉದ್ದ ಸಾಲುವುದಿಲ್ಲ. ಕಡೆಗೆ ಇನ್ನೊಂದು ಹಳೆಯ ಸ್ಕೂಟರಿನಿಂದ ತೆಗೆದಿಟ್ಟಿದ್ದ ಕ್ಲಚ್ಚಿನ ಇನ್ನರ್ ಗುಜರಿ ಡಬ್ಬಿಯಲ್ಲಿ ಸಿಕ್ಕಿತು. ಅದು ಎಲ್ಲ ರೀತಿಯಿಂದಲೂ ಸರಿಹೊಂದಿತು. ನಿಪಲನ್ನು ಕತ್ತರಿಸಿ, ತುದಿ ಕೆದರದಂತೆ ಬೆಸುಗೆಯಲ್ಲಿ ಅದ್ದಿದೆವು.

ಜೋಡಿಸುವ ವಿಧಾನವನ್ನು ತುಸು ವಿವರವಾಗಿ ಹೇಳುವುದು ಅಗತ್ಯ. ಔಟರಿನ ಕೆಳತುದಿಯಿಂದ ಹೊರಗೆ ಚಾಚಿದ ಗೇರ್ ವೈರಿನ ಬಾಲ ಅರ್ಧ ಗೇಣಿನಷ್ಟಿತ್ತು. ಸಾಮಾನ್ಯ ಕೇಬಲ್ಲಿನಲ್ಲಿ ಆ ಬಾಲವನ್ನು ಹಿಡಿದರೆ ವೈರು ಮಾತ್ರ ಜರುಗುತ್ತದೆ. ಇಲ್ಲಿ ತುಕ್ಕು ಅದನ್ನು ಔಟರಿಗೆ ಬೆಸೆದಿದ್ದರಿಂದ ಆ ಬಾಲವೇ ಇಡೀ ಕೇಬಲ್ಲಿಗೆ ಗಟ್ಟಿಯಾದ ಹಿಡಿಕೆಯಾಯಿತು. ಅದನ್ನು ಉಜ್ಜುಕಾಗದದಿಂದ ಬೆಳ್ಳಗಾಗುವವರೆಗೆ ತಿಕ್ಕಿ, ದಾರಿ ವೈರಿನ ತುದಿಯನ್ನು ಎರಡು ಬೆರಳಗಲ ಅದರ ಪಕ್ಕಕ್ಕೆ ಒತ್ತಿ ಇಟ್ಟು, ಮನೆಯ ವಿದ್ಯುತ್ ವೈರಿನಿಂದ ಬಿಡಿಸಿದ ತಾಮ್ರದ ಎಳೆಯನ್ನು ಒತ್ತಾಗಿ ಸುತ್ತಿ, ಫ್ಲಕ್ಸ್ ಹಚ್ಚಿ ಬೆಸುಗೆ ಹರಿಸಿದೆವು. ಬೆಸುಗೆ ಆರಿದ ಮೇಲೆ ಉಬ್ಬುಗಳನ್ನು ಅರದಿಂದ ತಿಕ್ಕಿ, ಔಟರಿನ ತುದಿಯಿಂದ ಬೆಸುಗೆಯವರೆಗೆ ತೆಳುವಾದ ಟೇಪನ್ನು ಓರೆಯಾಗಿ ಸುತ್ತಿ ಇಳಿಜಾರು ಮಾಡಿದೆವು. ಬೆಸುಗೆ ಔಟರಿಗಿಂತ ದಪ್ಪವಾಗಿರಬಾರದು. ಔಟರಿನ ತುದಿಯ ಅಂಚು ಎಲ್ಲಿಯೂ ತಡೆದು ನಿಲ್ಲುವಂತಿರಬಾರದು. ಸುರಂಗದಲ್ಲಿ ಸಿಕ್ಕಿಕೊಳ್ಳುವುದು ಇಂತಹ ಅಂಚುಗಳೇ.

ಚಿಕ್ಕಪ್ಪನವರು ಹೆಡ್‌ಲೈಟಿನ ಬಾಯಿಯಿಂದ ಎಳೆದರು, ನಾನು ಎಂಜಿನ್ನಿನ ಬಳಿಯಿಂದ ದಾರಿ ವೈರನ್ನು ಒಳಕ್ಕೆ ಕೊಡುತ್ತ ಹೋದೆ. ಹಾರ್ನ್ ಕವರಿನ ಹಿಂದಿನ ತಿರುವಿನಲ್ಲಿ ಬೆಸುಗೆ ಬಂದು ನಿಂತಿತು. ಅಲ್ಲಿ ಬೆರಳು ಹೋಗುತ್ತದೆ, ಆದ್ದರಿಂದಲೇ ಕವರನ್ನು ಮೊದಲೇ ತೆಗೆದದ್ದು. ಕೇಬಲ್ಲನ್ನು ಅಂಗುಲದಷ್ಟು ಹಿಂದಕ್ಕೆ ಬಿಟ್ಟು, ತಿರುವಿನಲ್ಲಿ ಬೆರಳಿನಿಂದ ಮೇಲಕ್ಕೆತ್ತಿ, ಮೇಲಿನಿಂದ ನಿಧಾನವಾಗಿ ಎಳೆದಾಗ ದಾಟಿತು. ಸಿಕ್ಕಿದಲ್ಲೆಲ್ಲ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಬೇಕು. ಜಗ್ಗಿದರೆ ಬೆಸುಗೆ ಒಳಗೇ ಬಿಟ್ಟುಹೋಗುತ್ತದೆ.

ಹೊರಬಂದ ಕೇಬಲ್ಲನ್ನು ನೆಲದ ಮೇಲೆ ಹಾಸಿ ಆ್ಯಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆವು. ಮೇಲಿನ ಭಾಗದಲ್ಲಿ ವೈರು ಇನ್ನೂ ಹೊಳೆಯುತ್ತಿತ್ತು, ಅಲ್ಲಲ್ಲಿ ಕಂದು ಅಂಟಿನಂತಾದ ಹಳೆಯ ಗ್ರೀಸ್ ಮಾತ್ರ. ಬಿಗಿದದ್ದು ಕೆಳಭಾಗದಲ್ಲಿ, ಸುರಂಗದಿಂದ ಹೊರಬಂದು ಸೆಲೆಕ್ಟರ್ ಬಾಕ್ಸಿನ ಕಡೆಗೆ ಬಾಗುವ ಒಂದು ಗೇಣು ಜಾಗದಲ್ಲಿ. ಅಲ್ಲಿ ಔಟರಿನ ಕಪ್ಪು ಪ್ಲಾಸ್ಟಿಕ್ ಮೈ ಸುತ್ತಲೂ ಬಿರಿದಿತ್ತು, ಬಿರುಕಿನೊಳಗೆ ಸುರುಳಿಯ ಉಕ್ಕು ಕೆಂಪಗೆ ಕಾಣುತ್ತಿತ್ತು. ಬಿಡಿಸಿದಾಗ ಇಟ್ಟಿಗೆ ಪುಡಿಯಂತಹ ತುಕ್ಕು ಉದುರಿ, ವೈರಿನ ಹೊರ ಎಳೆಗಳು ಅಲ್ಲಿ ಅರ್ಧಕ್ಕರ್ಧ ಸವೆದು ತೆಳುವಾಗಿದ್ದವು. ಕಾರಣ ಸ್ಪಷ್ಟ. ಚೇತಕ್ಕಿನಲ್ಲಿ ಎಂಜಿನ್ ಚಕ್ರದೊಂದಿಗೆ ಮೇಲೆ ಕೆಳಗೆ ಆಡುತ್ತದೆ, ಮೈ ಆಡುವುದಿಲ್ಲ. ರಸ್ತೆಯ ಪ್ರತಿ ಗುಂಡಿಗೂ ಕೇಬಲ್ ಆ ಒಂದು ಜಾಗದಲ್ಲಿ ಬಾಗುತ್ತದೆ, ಪ್ಲಾಸ್ಟಿಕ್ ಹಳತಾದಂತೆ ಅಲ್ಲಿಯೇ ಬಿರಿಯುತ್ತದೆ. ಮೇಲಿನಿಂದ ಇಳಿದ ನೀರೂ ಚಕ್ರ ಎರಚಿದ ನೀರೂ ಸೇರುವುದು ಅದೇ ತಗ್ಗಿನಲ್ಲಿ. ಓಡುವ ಗಾಡಿಯಲ್ಲಿ ವೈರು ದಿನವೂ ಜರುಗಿ ತುಕ್ಕು ಕೂರಲು ಬಿಡುವುದಿಲ್ಲ. ನಿಂತ ಗಾಡಿಯಲ್ಲಿ ನೀರಿಗೆ ಬಿಡುವು ಸಿಗುತ್ತದೆ.

ಹೊಸ ಔಟರನ್ನು ಹಳೆಯದರ ಪಕ್ಕಕ್ಕಿಟ್ಟು ನೋಡಿದಾಗ ನಾಲ್ಕು ಬೆರಳಿನಷ್ಟು ಉದ್ದವಿತ್ತು. ಗಿಡ್ಡವಾದರೆ ನಿರುಪಯೋಗಿ, ಉದ್ದವಾದರೆ ಕತ್ತರಿಸಬಹುದು. ಆದರೆ ಕತ್ತರಿಸುವುದೂ ಲಕ್ಷ್ಯ ಬೇಡುವ ಕೆಲಸ. ಕಟಿಂಗ್ ಪ್ಲೇಯರಿನಿಂದ ಕಚ್ಚಿದರೆ ಸುರುಳಿಯ ಕೊನೆಯ ಸುತ್ತು ಒಳಕ್ಕೆ ಮಡಚಿ ವೈರನ್ನು ಹಿಡಿಯುತ್ತದೆ. ಆ್ಯಕ್ಸಾ ಬ್ಲೇಡಿನಿಂದ ಕತ್ತರಿಸಿ, ತುದಿಯನ್ನು ಅರದಿಂದ ಚಪ್ಪಟೆ ಮಾಡಿ, ರಂಧ್ರಕ್ಕೆ ದಬ್ಬಳದ ಮೊನೆ ತೂರಿಸಿ ಒಳಗಿನ ಮುಳ್ಳನ್ನೆಲ್ಲ ಹೊರಕ್ಕೆ ತಿರುವಿದೆವು. ನೈಲಾನ್ ಕೊಳವೆಯ ಅಂಚನ್ನು ಬ್ಲೇಡಿನಿಂದ ಸಮ ಮಾಡಿ ಲೋಹದ ಟೋಪಿ ಹಾಕಿದ ಮೇಲೆ ಬೆರಳಿಗೆ ಚುಚ್ಚುವಂತಹದ್ದು ಏನೂ ಉಳಿದಿರಲಿಲ್ಲ. ನಂತರ ದಾರಿ ವೈರನ್ನು ಮೇಲೂ ಕೆಳಗೂ ಬಿಗಿಯಾಗಿ ಹಿಡಿದು, ಔಟರನ್ನು ಕೆಳಗಿನಿಂದ ಅದರ ಮೇಲೆ ಏರಿಸಿದೆವು. ಎಲ್ಲಿಯೂ ನಿಲ್ಲದೆ ಹೆಡ್‌ಲೈಟಿನ ಬಾಯಿಯವರೆಗೆ ಹೋಯಿತು. ದಾರಿ ವೈರನ್ನು ಹೊರಗೆಳೆದು, ಹೊಸ ಇನ್ನರನ್ನು ಮೇಲಿನಿಂದ ತೂರಿಸಿ, ನಿಪಲ್ ಕೂರುವ ಗುಳಿಗೆ ಗ್ರೀಸ್ ಹಚ್ಚಿ ಕೂರಿಸಿದೆವು. ನೈಲಾನ್ ಕೊಳವೆಯಿರುವ ಔಟರಿನೊಳಗೆ ದಪ್ಪ ಗ್ರೀಸ್ ತುಂಬುವ ಅಗತ್ಯವಿಲ್ಲ. ಧೂಳನ್ನು ಹಿಡಿದಿಡುವುದಷ್ಟೇ ಅದರಿಂದ ಆಗುವ ಉಪಕಾರ.

ಎರಡನೆಯ ಕೇಬಲ್ಲಿನಲ್ಲಿ ವೈರು ಜರುಗುತ್ತಿದ್ದುದರಿಂದ ಅದರ ಸ್ವಂತ ಇನ್ನರೇ ದಾರಿ ವೈರಾಯಿತು. ಹಳೆಯ ಔಟರನ್ನು ಕೆಳಕ್ಕೆ ಜಾರಿಸಿ, ಹೊಸದನ್ನು ಏರಿಸಿ, ಇನ್ನರ್ ಬದಲಿಸಿದ್ದಾಯಿತು. ಅದರ ಮೈಯಲ್ಲೂ ಅದೇ ಬಾಗಿನಲ್ಲಿ ಬಿರುಕು ಮೂಡಲು ಶುರುವಾಗಿತ್ತು ಎಂಬುದನ್ನು ಹೇಳಿದರೆ ಸಾಕು.

ಕೊನೆಯ ಕೆಲಸ ಹೊಂದಾಣಿಕೆ, ಮತ್ತು ಗೇರ್‌ಬಾಕ್ಸಿನ ಆಯುಸ್ಸು ನಿಂತಿರುವುದು ಇದರ ಮೇಲೆ. ಸೆಲೆಕ್ಟರ್ ಬಾಕ್ಸಿನ ಬಳಿಯ ಎರಡು ಅಡ್ಜಸ್ಟರ್‌ಗಳನ್ನು, ಅಂದರೆ ಕೇಬಲ್ಲಿನ ಬಿಗಿ ಹೆಚ್ಚು ಕಡಿಮೆ ಮಾಡುವ ಸ್ಕ್ರೂಗಳನ್ನು, ಪೂರ್ತಿ ಒಳಕ್ಕೆ ತಿರುಗಿಸಿ, ಆಮೇಲೆ ಅವು ಎರಡೂ ಕಡೆಗೆ ಆಡುವಷ್ಟು ಹೊರಕ್ಕೆ ತಂದೆವು. ತಗಡನ್ನು ನ್ಯೂಟ್ರಲ್ ಕಚ್ಚಿನಲ್ಲಿ ಕೂರಿಸಿ, ಚಿಕ್ಕಪ್ಪನವರು ಮೇಲೆ ಹಿಡಿಯನ್ನು ನ್ಯೂಟ್ರಲ್ ಗುರುತಿಗೆ ಸರಿಯಾಗಿ ಹಿಡಿದುಕೊಂಡರು. ವೈರಿನ ತುದಿಗಳನ್ನು ಕ್ಲ್ಯಾಂಪಿನಲ್ಲಿ ತೂರಿಸಿ, ಇಕ್ಕಳದಿಂದ ಕೈಯಳತೆಯಲ್ಲಿ ಎಳೆದು ಸ್ಕ್ರೂ ಬಿಗಿದೆವು. ಹೆಚ್ಚಿನ ಬಾಲವನ್ನು ಆಗಲೇ ಕತ್ತರಿಸುವುದು ಬೇಡ. ಎಲ್ಲ ಪರೀಕ್ಷೆ ಮುಗಿದ ಮೇಲೆ, ತುದಿಗೆ ಬೆಸುಗೆ ಹಾಕಿ ಆಮೇಲೆ ಕತ್ತರಿಸಬೇಕು.

ಇದಾದ ಮೇಲೆ ಚಕ್ರವನ್ನು ತಿರುಗಿಸುತ್ತ ಒಂದೊಂದೇ ಗೇರು ಹಾಕಿ, ಉರುಳೆ ಕಚ್ಚಿನ ನಡುವೆ ಕೂರುವ ಗಳಿಗೆಯಲ್ಲಿ ಹಿಡಿಯ ಗುರುತು ಎಲ್ಲಿದೆ ಎಂದು ನೋಡಬೇಕು. ಎಲ್ಲ ಗೇರುಗಳಲ್ಲೂ ಗುರುತು ಒಂದೇ ಕಡೆಗೆ ಒಂದೇ ಅಳತೆ ಜರುಗಿದ್ದರೆ ಒಂದು ಅಡ್ಜಸ್ಟರನ್ನು ಎಷ್ಟು ಸುತ್ತು ಒಳಕ್ಕೆ ಕೊಡುತ್ತೇವೋ ಇನ್ನೊಂದನ್ನು ಅಷ್ಟೇ ಸುತ್ತು ಹೊರಕ್ಕೆ ತಂದರೆ ಸರಿಹೋಗುತ್ತದೆ. ಬಿಗಿ ಎಷ್ಟಿರಬೇಕೆಂಬುದು ಬೇರೆ ಮಾತು. ಹಿಡಿಯನ್ನು ಗೇರು ಬದಲಾಗದಂತೆ ಮೆಲ್ಲಗೆ ಅಲುಗಿಸಿದರೆ ಒಂದೆರಡು ಮಿಲಿಮೀಟರ್ ಸಡಿಲು ಕೈಗೆ ಸಿಗಬೇಕು. ಸಡಿಲು ಇಲ್ಲವೇ ಇಲ್ಲದಂತೆ ಬಿಗಿದರೆ ಹಿಡಿ ಭಾರವಾಗುತ್ತದೆ, ಉರುಳೆ ತನ್ನ ಕಚ್ಚಿಗೆ ತಾನೇ ಬೀಳಲು ಸ್ವಾತಂತ್ರ್ಯವಿಲ್ಲದೆ ಅರೆಬರೆ ನಿಲ್ಲುತ್ತದೆ. ತೀರ ಸಡಿಲ ಬಿಟ್ಟರೂ ಫಲ ಅದೇ. ಅರೆಬರೆ ಬಿದ್ದ ಗೇರಿನಲ್ಲಿ ಓಡಿಸಿದರೆ ಒಳಗಿನ ಕ್ರಾಸಿನ ಮೂಲೆಗಳು ಸವೆದು ದುಂಡಗಾಗುತ್ತವೆ, ಆಮೇಲೆ ಗೇರು ತಾನಾಗಿ ಕಳಚಿಕೊಳ್ಳುತ್ತದೆ, ಆಗ ಎಂಜಿನ್ ಇಳಿಸುವುದು ನಿಜವಾಗಿಯೂ ತಪ್ಪುವುದಿಲ್ಲ.

ಸ್ಟ್ಯಾಂಡಿನ ಮೇಲೆ ಸರಿಯಿದ್ದದ್ದು ರಸ್ತೆಯಲ್ಲೂ ಸರಿಯಿರುತ್ತದೆ ಎನ್ನಲಾಗದು. ಹ್ಯಾಂಡಲನ್ನು ಎಡದ ಕೊನೆಗೂ ಬಲದ ಕೊನೆಗೂ ತಿರುಗಿಸಿ ಗೇರಿನ ಹಿಡಿ ತಾನಾಗಿ ಅಲುಗುತ್ತದೆಯೇ ಎಂದು ನೋಡಿದೆವು; ಅಲುಗಿದರೆ ಔಟರ್ ಮೇಲ್ಭಾಗದಲ್ಲಿ ಎಲ್ಲಿಯೋ ಎಳೆದು ನಿಂತಿದೆ ಎಂದು ಅರ್ಥ. ಸ್ಟ್ಯಾಂಡ್ ಇಳಿಸಿ ಇಬ್ಬರೂ ಕೂತು ಸೀಟನ್ನು ಕುಲುಕಿ, ಕೆಳಗಿನ ಬಾಗಿನಲ್ಲಿ ಔಟರಿಗೆ ಸಾಕಷ್ಟು ಸಡಿಲು ಇದೆಯೇ ಎಂದೂ ಪರೀಕ್ಷಿಸಿದೆವು. ಅಲ್ಲಿ ಔಟರು ಸುರಂಗದ ತಗಡಿನ ಅಂಚಿಗೆ ತಾಗುತ್ತಿದ್ದುದರಿಂದ ಸೈಕಲ್ ಟ್ಯೂಬಿನ ತುಂಡನ್ನು ಸೀಳಿ ಸುತ್ತಿ ಕಟ್ಟಿದೆವು.

ಓಡಿಸಿ ನೋಡಲು ದಾವಣಗೆರೆಗಿಂತ ಒಳ್ಳೆಯ ಊರು ಬೇಕಿಲ್ಲ. ಅಶೋಕ ರಸ್ತೆಯ ರೈಲ್ವೆ ಗೇಟಿನ ಕಡೆಯ ಇಕ್ಕಟ್ಟಿನಲ್ಲಿ ಮೊದಲನೆಯದಕ್ಕೂ ನ್ಯೂಟ್ರಲಿಗೂ ನಡುವೆ ಎಷ್ಟು ಬಾರಿ ಹೋಗಿ ಬರಬೇಕೋ ಅಷ್ಟು ಬಾರಿ ಹೋಗಿ ಬಂದೆ, ನ್ಯೂಟ್ರಲ್ ಹುಡುಕಬೇಕಾಗಲಿಲ್ಲ. ಅಲ್ಲಿಂದ ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಹಿಡಿದು ಹರಿಹರದ ದಿಕ್ಕಿಗೆ ದೊಡ್ಡಬಾತಿಯವರೆಗೆ ನಾಲ್ಕನೇ ಗೇರಿನಲ್ಲಿ ಓಡಿಸಿ, ಹಿಂದಿರುಗುವಾಗ ಬೇಕೆಂದೇ ವೇಗ ತಗ್ಗಿಸಿ ಮೂರಕ್ಕೂ ಎರಡಕ್ಕೂ ಇಳಿಸಿ ನೋಡಿದೆ. ಇಳಿಸುವಾಗ ಹಿಡಿ ತುಸು ಮುಂದಕ್ಕೆ ಹೋಗಿ ಕೂರುತ್ತಿತ್ತು. ಹೊಸ ಔಟರಿನ ತುದಿಗಳು ಟೋಪಿಯಲ್ಲಿ ಒತ್ತಿ ಕೂತು ಸಡಿಲು ಹೆಚ್ಚಾಗುವುದು ಸಹಜ. ಮನೆಗೆ ಬಂದು ಇಳಿಸುವ ಕಡೆಯ ಅಡ್ಜಸ್ಟರನ್ನು ಅರ್ಧ ಸುತ್ತು ಹೊರಕ್ಕೆ ತಂದು ಲಾಕ್ ನಟ್ ಬಿಗಿದ ಮೇಲೆ ಗುರುತು ಗುರುತಿಗೆ ಬಂತು. ವೈರಿನ ಬಾಲ ಕತ್ತರಿಸಿ ಮುಚ್ಚಳ ಹಾಕಿದ್ದು ಆಗ.

ದಾರಿಯಲ್ಲಿ ಗೇರ್ ವೈರು ತುಂಡಾದರೆ ಗಾಡಿಯನ್ನು ತಳ್ಳಿಕೊಂಡು ಬರುವ ಅಗತ್ಯವಿಲ್ಲ ಎಂಬುದನ್ನೂ ಈ ಸಂದರ್ಭದಲ್ಲಿ ಚಿಕ್ಕಪ್ಪನ ಮಗನಿಗೆ ತೋರಿಸಿಕೊಟ್ಟೆವು. ಎಂಜಿನ್ ನಿಲ್ಲಿಸಿ, ಸೆಲೆಕ್ಟರ್ ಬಾಕ್ಸಿನ ಮುಚ್ಚಳ ತೆಗೆದು, ಉಳಿದ ವೈರನ್ನೂ ಕ್ಲ್ಯಾಂಪಿನಿಂದ ಬಿಡಿಸಿ, ಚಕ್ರ ಆಡಿಸುತ್ತ ತಗಡನ್ನು ಎರಡನೇ ಗೇರಿನ ಕಚ್ಚಿಗೆ ತಳ್ಳಿದರೆ ಕ್ಲಚ್ಚಿನ ಆಸರೆಯಲ್ಲಿ ನಿಧಾನವಾಗಿ ಮನೆ ಮುಟ್ಟಬಹುದು.

ಹಿಂದಿನ ಬ್ರೇಕಿನ ಕೇಬಲ್ಲೂ ಅದೇ ಸುರಂಗದಿಂದ ಹೊರಬಿದ್ದು ಎಂಜಿನ್ನಿನೊಂದಿಗೆ ಬಾಗುತ್ತದೆ, ಅದರ ಮೈಯೂ ಬಿರಿದಿದೆ. ತಪಾಸಣೆಗೆ ಒಯ್ಯುವ ಮುನ್ನ ಅದನ್ನು ಬದಲಿಸಬೇಕಾಗಿದೆ. ದಾರಿ ವೈರನ್ನು ಅದಕ್ಕೆಂದೇ ಸುತ್ತಿ ಚಪ್ಪರದ ಮೊಳೆಗೆ ತೂಗುಹಾಕಿದ್ದೇವೆ.